ಸೋಮವಾರದ ಕಂದೀಲು

ದುಂಡಸಿಯ ತಿಪ್ಪವ್ವ ಸತ್ತ ಗಂಡನಿಗೆ ದೀಪ ತೋರಿಸುತ್ತಾಳೆ ಎಂದು ನಾನು ಹನ್ನೊಂದು ದಿನ ನಂಬಿದ್ದೆ. ನಂಬಿ ಸುಮ್ಮನಿದ್ದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಮೈಕಿನ ಮುಂದೆ ನಿಂತು ಊರಿಗೆಲ್ಲ ಹೇಳಿಬಿಟ್ಟೆ, ಅದೂ ಆಕೆಯ ಎದುರಿಗೇ.

ಶಿಗ್ಗಾಂವದಲ್ಲಿ ನಮ್ಮದೊಂದು ಸಂಘವಿದೆ. ಅಧ್ಯಕ್ಷರು ಮಹಾಲಿಂಗಪ್ಪನವರು, ನಿವೃತ್ತ ಪ್ರಾಚಾರ್ಯರು. ಒಂದು ಮಳೆಗಾಲ ಅವರ ಓಣಿಯ ಟ್ರಾನ್ಸ್‌ಫಾರ್ಮರ್ ಸುಟ್ಟು ಮೂರು ದಿನ ಕರೆಂಟು ಬರಲಿಲ್ಲ. ಮೇಲಿನ ಟಾಕಿಗೆ ನೀರು ಏರಲಿಲ್ಲ, ಅಧ್ಯಕ್ಷರ ಸ್ನಾನ ಆಗಲಿಲ್ಲ. ತಾಲೂಕಿನ ಜನ ಆಪತ್ತಿಗೆ ತಯಾರಿಲ್ಲ ಎಂಬ ಸಂಗತಿ ಅವರಿಗೆ ಹೊಳೆದದ್ದು ಆಗ.

‘ಸನ್ನದ್ಧ ಕುಟುಂಬ ಅಭಿಯಾನ’ ಹುಟ್ಟಿದ್ದು ಹೀಗೆ. ಇಪ್ಪತ್ತೆರಡು ಪ್ರಶ್ನೆಗಳ ಒಂದು ಫಾರ್ಮು ಅಚ್ಚಾಯಿತು. ಮನೆಯಲ್ಲಿ ಟಾರ್ಚ್ ಇದೆಯೇ, ಸೀಟಿ ಇದೆಯೇ, ವಾರಕ್ಕಾಗುವಷ್ಟು ಕಾಳುಕಡಿ ಇದೆಯೇ ಎಂದು ಶುರುವಾಗಿ, ಕಡೆಯ ಪ್ರಶ್ನೆಗೆ ಬರುವ ಹೊತ್ತಿಗೆ ಭಾಷೆ ಮುಖ ಬಿಗಿದುಕೊಳ್ಳುತ್ತಿತ್ತು: ‘ಈ ಕುಟುಂಬವು ಸರ್ವ ಆಪತ್ತುಗಳಿಗೂ ಸನ್ನದ್ಧವಾಗಿದೆಯೇ? ಹೌದು / ಇಲ್ಲ.’ ಕಾರ್ಯದರ್ಶಿಯಾದ ನನ್ನ ಪಾಲಿಗೆ ದುಂಡಸಿ ಬಂತು. ಪರೀಕ್ಷೆ ಮುಗಿದ ಮೇಲೆ ಹೈಸ್ಕೂಲು ಮಾಸ್ತರನಿಗೆ ಬೇರೆ ಏನು ಕೆಲಸ ಎಂದು ಅಧ್ಯಕ್ಷರು ಸಭೆಯಲ್ಲೇ ಕೇಳಿದ್ದರು.

ಏಪ್ರಿಲ್ ತಿಂಗಳ ಒಂದು ಸೋಮವಾರ ಮಧ್ಯಾಹ್ನ ನಾನು ಆ ಓಣಿಗೆ ಹೋದಾಗ, ಐವತ್ತರ ಆಸುಪಾಸಿನ ಹೆಂಗಸೊಬ್ಬಳು ತನ್ನ ಅಂಗಳದಲ್ಲಿ ಒಂದು ತಗ್ಗಿನ ಬಾಯಿಗೆ ಕುಕ್ಕರಗಾಲಲ್ಲಿ ಕೂತಿದ್ದಳು. ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಉರಿಯುವ ಕಂದೀಲು. ಬಿಸಿಲು ನೆತ್ತಿ ಸುಡುತ್ತಿತ್ತು, ಆಕೆ ಕಂದೀಲನ್ನು ನಿಧಾನವಾಗಿ ತಗ್ಗಿನೊಳಗೆ ಬಿಡುತ್ತಿದ್ದಳು. ತುಟಿ ಅಲುಗುತ್ತಿದ್ದವು. ಪಕ್ಕದಲ್ಲಿ ಬಿಳಿ ಗಡ್ಡದ ಮುದುಕನೊಬ್ಬ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ.

ಎದುರು ಮನೆಯ ಶಂಕ್ರಪ್ಪನನ್ನು ಮೆಲ್ಲಗೆ ಕೇಳಿದೆ.

“ಅಕಿ ಗಂಡ ಶಿದ್ಲಿಂಗಪ್ಪ ಅದರಾಗ ಸತ್ತಾನ್ರಿ,” ಅಂದ. “ನನಗ ದೊಡ್ಡಪ್ಪನ ಮಗ ಆಗಬೇಕು. ಮಗಳು ಹಾನಗಲ್ಲದಾಗ ಚಿಗವ್ವನ ಮನ್ಯಾಗ ಅದಾಳ. ಆ ತಗ್ಗು ಮುಚ್ಚೂತನಕ ಈ ಮನಿಗಿ ಕಾಲಿಡೂದಿಲ್ಲ ಅಂದಾಳ. ಇಕಿ ಮುಚ್ಚೂದಿಲ್ಲ. ವರ್ಷಾ ವರ್ಷಾ ಹಿಂಗ ತಗದು ಕಂದೀಲ ಬಿಡ್ತಾಳ.”

ಇಷ್ಟು ಸಾಕಾಯಿತು. ಉಳಿದದ್ದನ್ನು ನನ್ನ ಹೃದಯ ತುಂಬಿಕೊಂಡಿತು. ಆಮೇಲೆ ಕಟ್ಟೆಯ ಮೇಲೆ ಕೂತು ತಿಪ್ಪವ್ವನಿಗೆ ಇಪ್ಪತ್ತೊಂದು ಪ್ರಶ್ನೆ ಕೇಳಿದೆ. ಒಂದನ್ನು ಬಿಟ್ಟು ಎಲ್ಲಕ್ಕೂ ‘ಐತ್ರಿ’ ಅಂದಳು. ಓಣಿಯ ಎಲ್ಲ ಮನೆಗಳಲ್ಲೂ ಇದ್ದ ಒಂದೇ ಒಂದು ವಸ್ತು ಆಕೆಯ ಮನೆಯಲ್ಲಿ ಇರಲಿಲ್ಲ.

“ಟಾರ್ಚ್? ಬ್ಯಾಟರಿ?”

“ಇಟ್ಟಿಲ್ರಿ.”

“ತರಬೇಕಲ್ರಿ ಅಕ್ಕಾರ.”

“ತರೂದಿಲ್ರಿ.”

ಇಪ್ಪತ್ತೆರಡನೆಯ ಪ್ರಶ್ನೆ ಕೇಳಲು ನನಗೆ ಬಾಯಿ ಬರಲಿಲ್ಲ. ಈಗಷ್ಟೇ ಗಂಡನಿಗೆ ದೀಪ ತೋರಿಸಿ ಎದ್ದು ಬಂದವಳನ್ನು ಸರ್ವ ಆಪತ್ತುಗಳ ಬಗ್ಗೆ ಏನು ಕೇಳುವುದು. ಖಾಲಿ ಬಿಟ್ಟು ಫಾರ್ಮು ಮಡಚಿದೆ.

ಹನ್ನೊಂದು ದಿನ ಕಳೆದು ಅದೇ ಊರಿನ ಸಮುದಾಯ ಭವನದಲ್ಲಿ ಶಿಬಿರ. ಪ್ರಾಸ್ತಾವಿಕ ಮಾತು ನನ್ನದು. ಗಂಡ ಮಡಿದ ತಗ್ಗಿಗೆ ವರ್ಷಕ್ಕೊಮ್ಮೆ ದೀಪ ಇಳಿಸಿ ಮಂತ್ರ ಹೇಳುವ ಒಬ್ಬ ಸಾಧ್ವಿಯ ಬಗ್ಗೆ ಹೇಳಿದೆ, ಹೆಸರು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಹೇಳುತ್ತ ಹೇಳುತ್ತ ನನ್ನ ದನಿಯೇ ಒಂದು ಸಲ ಒಡೆಯಿತು. ಹೆಂಗಸರ ಸಾಲಿನಲ್ಲಿ ಯಾರೋ ಎದ್ದುನಿಂತರು.

“ಮಾಸ್ತರ್ರ, ದೀಪ ಅವರಿಗಲ್ರಿ. ಗಾಳಿಗಿ.”

ತಿಪ್ಪವ್ವ. ಸಭೆ ಆಕೆಯ ಕಡೆ ತಿರುಗಿತು.

“ಒಳಗ ಉಸರಾಡೂ ಗಾಳಿ ಐತೋ ಇಲ್ಲೋ ನೋಡಾಕ ಬಿಡೂದು. ಆರಿತಂದ್ರ ಇಳೀಬಾರದು. ಮಂತ್ರ ಅಲ್ರಿ ಅದು, ಒಂದ ಎರಡ ಎಣಸಾಕತ್ತಿದ್ನಿ. ನೂರು ಆಗೂತನಕ ಆರಬಾರದು.”

ಕೂತುಬಿಟ್ಟಳು. ಜನ ನಕ್ಕರು, ನಾನೂ ನಗಬೇಕಾಯಿತು. ಪರಿಸ್ಥಿತಿ ಕೈಮೀರುತ್ತಿದೆ ಎಂದು ಅಧ್ಯಕ್ಷರು ತಾವೇ ಎದ್ದು ಪರದೆಯ ಮೇಲೆ ಚಿತ್ರ ತೋರಿಸಲು ಶುರುಮಾಡಿದರು. ಮೂರನೆಯ ಚಿತ್ರಕ್ಕೆ ಕರೆಂಟು ಹೋಯಿತು. ಆಪತ್ಕಾಲದ ಪೆಟ್ಟಿಗೆಯಲ್ಲಿ ಇಡಬೇಕಾದ ವಸ್ತುಗಳು ಏಳು. ಚಿತ್ರವಿಲ್ಲದೆ ಅವರಿಗೆ ನಾಲ್ಕು ನೆನಪಾದವು. ಆ ಗದ್ದಲದಲ್ಲಿ ತಿಪ್ಪವ್ವ ಎದ್ದು ಮನೆಗೆ ಹೊರಟಳು, ಕ್ಷಮೆ ಕೇಳಲು ನಾನು ಬೆನ್ನು ಹತ್ತಿದೆ.

ಆಕೆಯ ಅಂಗಳದ ತಗ್ಗು ಹಗೇವು. ಆ ಶಬ್ದವನ್ನು ನಾನು ಕೇಳಿದ್ದೆ, ಪೇಟೆಯಲ್ಲಿ ಬೆಳೆದವನಾದ್ದರಿಂದ ನೋಡಿರಲಿಲ್ಲ. ಎರಡಾಳು ಆಳದ, ಹೊಟ್ಟೆ ಅಗಲವಾಗಿ ಬಾಯಿ ಸಣ್ಣದಾಗಿ ತೋಡಿದ ನೆಲದ ಕಣಜ. ಸುತ್ತ ಹುಲ್ಲು ಹಾಸಿ ಜೋಳ ತುಂಬಿ, ಬಾಯಿಗೆ ಕಲ್ಲು ಇಟ್ಟು, ಮೇಲೆ ಮಣ್ಣು ಮೆತ್ತುತ್ತಾರೆ. ಹುಳ ಬೀಳುವುದಿಲ್ಲ, ಇಲಿ ಹೋಗುವುದಿಲ್ಲ, ನಾಲ್ಕೈದು ವರ್ಷ ಜೋಳ ಕೆಡುವುದಿಲ್ಲ. ಹುಳವನ್ನು ಬದುಕಗೊಡದ, ಮುಚ್ಚಿದ ಹಗೇವಿನ ಆ ಗಾಳಿ ಮನುಷ್ಯನನ್ನೂ ಬದುಕಗೊಡುವುದಿಲ್ಲ. ಅದಕ್ಕೇ ಕಲ್ಲು ಸರಿಸಿ ಅರ್ಧ ದಿನ ಬಿಡಬೇಕು, ಆಮೇಲೆ ಉರಿಯುವ ದೀಪ ಇಳಿಸಿ ನೋಡಬೇಕು. ಈಗ ಎಲ್ಲರ ಹೊಲದಲ್ಲೂ ಗೋವಿನಜೋಳ. ಅದು ಕಣದಿಂದಲೇ ಪೇಟೆಗೆ ಹೋಗುತ್ತದೆ. ಹಗೇವು ತೆರೆಯುವುದನ್ನು ಬಲ್ಲವರು ಊರಲ್ಲಿ ಒಬ್ಬರೇ ಉಳಿದಿದ್ದರು: ಆ ದಿನ ಟೊಪ್ಪಿಗೆ ತೆಗೆದು ನಿಂತಿದ್ದ ನಬೀಸಾಬ. ಟೊಪ್ಪಿಗೆ ತೆಗೆದದ್ದು ಸೆಕೆಗೆ ಎಂದು ಆಮೇಲೆ ತಿಳಿಯಿತು.

ಅದಕ್ಕೆ ಮೂರು ವರ್ಷ ಮೊದಲು, ರೋಗ ಬಂದು ದೇಶವೇ ಬಾಗಿಲು ಹಾಕಿಕೊಂಡ ಆ ಏಪ್ರಿಲ್‌ನಲ್ಲಿ ನಬೀಸಾಬ ಸವಣೂರಿನಲ್ಲಿ ಮಗಳು ಅಫ್ಸಾನಾಳ ಮನೆಯಲ್ಲಿ ಸಿಕ್ಕಿಬಿದ್ದಿದ್ದ. ಬಸ್ಸಿಲ್ಲ, ಸಂತೆಯಿಲ್ಲ. ಓಣಿಯಲ್ಲಿ ಕೊಂಡು ತಿನ್ನುವವರ ಡಬ್ಬಿಗಳು ಬರಿದಾಗುತ್ತ ಬಂದವು. ತಿಪ್ಪವ್ವನ ಗಂಡ ಶಿದ್ಲಿಂಗಪ್ಪ ಕೊಡುಗೈಯ ಮನುಷ್ಯ, ಜೊತೆಗೆ ಒಂದಿಷ್ಟು ಠೀವಿಯ ಮನುಷ್ಯ.

“ಪ್ಯಾಟಿ ಬಂದ ಆತು ಅಂತ ಯಾಕ ಮಾರಿ ಸಣ್ಣದ ಮಾಡ್ತೀರ್ಲೇ, ನಮ್ಮ ಹಗೇವು ಬಂದ ಆಗಿಲ್ಲ,” ಎಂದು ಓಣಿಗೆಲ್ಲ ಕೇಳುವಂತೆ ಹೇಳಿದ್ದ.

ಅಂದು ಸೋಮವಾರ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಹೀಗಾಗಿ ಗಂಡಸರು ಮನೆಯಲ್ಲಿದ್ದರು. ಪೊಲೀಸರ ಹೆದರಿಕೆಗೆ ಅಂಗಳದಲ್ಲಿ ಸುಣ್ಣದಿಂದ ಮಾರು ದೂರಕ್ಕೊಂದು ವೃತ್ತ ಬರೆದಿತ್ತು, ಒಂದೊಂದು ವೃತ್ತದಲ್ಲಿ ಒಬ್ಬೊಬ್ಬರು ಬುಟ್ಟಿ ಹಿಡಿದು ನಿಂತಿದ್ದರು. ನಬೀಸಾಬನಿಗೆ ಒಂದು ಫೋನು ಹಚ್ಚಿ ಕೇಳಬಹುದಿತ್ತು. ಅಷ್ಟು ಮಂದಿಯ ಎದುರಿಗೆ ಹಾಗೆ ಕೇಳುವ ಸ್ವಭಾವ ಶಿದ್ಲಿಂಗಪ್ಪನದಲ್ಲ. ಕಲ್ಲು ಸರಿಸಿದ. ನಿಂತವರಿಗೆ ಬಿಸಿಲಾಗುತ್ತದೆಂದು ಅರ್ಧ ದಿನ ಕಾಯಲಿಲ್ಲ.

“‘ಕಂದೀಲ ಎಲ್ಲೈತಿ’ ಅಂತ ಕೇಳಿದ್ರು,” ಅಂದಳು ತಿಪ್ಪವ್ವ. “ಗೂಟಕ್ಕ ಧೂಳ ಹಿಡಿದು ಜೋತಬಿದ್ದಿತ್ರಿ. ಅಂಗಡ್ಯಾಗ ಸೀಮಿ ಎಣ್ಣಿ ಕೊಡೂದು ಬಿಟ್ಟು ಎಷ್ಟ ವರ್ಷ ಆತು. ‘ಎಣ್ಣಿ ಎಲ್ಲೈತ್ರಿ ಅದಕ್ಕ, ಬ್ಯಾಟ್ರಿ ಒಯ್ರಿ’ ಅಂದ್ನಿ. ನಾನ ತಂದ ಕೊಟ್ನಿ.”

ಬ್ಯಾಟರಿಗೆ ಹಗ್ಗ ಕಟ್ಟಿ ಇಳಿಸಿದರು. ಆರಲಿಲ್ಲ. ಬ್ಯಾಟರಿಗೆ ಗಾಳಿ ಬೇಕಿಲ್ಲ. ಬಿಟ್ಟ ದೀಪ ಆರಬಾರದು ಎಂಬುದಷ್ಟೇ ಅಂಗಳದಲ್ಲಿ ನಿಂತ ಅಷ್ಟೂ ಜನಕ್ಕೆ ಗೊತ್ತಿತ್ತು, ಯಾಕೆ ಎಂಬುದು ಹೊಳೆಯಲಿಲ್ಲ, ಬ್ಯಾಟರಿಯೂ ದೀಪವೇ ಎಂದು ತಿಳಿದರು. ಆತ ಇಳಿದ. ಒಂದು ಬುಟ್ಟಿ ಮೇಲೆ ಬಂತು. ಎರಡನೆಯದು ಬರಲಿಲ್ಲ, ಕೂಗಿದರೆ ಓಗೊಡಲಿಲ್ಲ.

ಶಂಕ್ರಪ್ಪ ಅಂಗಿ ಕಳಚಿ ಇಳಿಯಲು ಹೋದ. ತಿಪ್ಪವ್ವ ಹಗೇವಿನ ಬಾಯಿಗೆ ಅಡ್ಡ ಮಲಗಿಬಿಟ್ಟಳು. ಬೈದರು, ಎಳೆದರು, ಏಳಲಿಲ್ಲ. ‘ಜಗಲಿ ಮ್ಯಾಲಿನ ದೀಪ ತರ್ರಿ’ ಎಂದು ಮಲಗಿದಲ್ಲಿಂದಲೇ ಕೂಗಿದಳು. ದೇವರ ಮುಂದಿನ ದೀಪ ತಂದು, ಬುಟ್ಟಿಯಲ್ಲಿಟ್ಟು ಇಳಿಸಿದರು. ಒಂದು ಮೊಳ ಇಳಿಯುವುದರೊಳಗೆ ಆರಿತು. ಕೆಳಗೆ ಜೋಳದ ಮೇಲೆ, ಮಲಗಿದವನ ಪಕ್ಕದಲ್ಲಿ, ಬ್ಯಾಟರಿ ಚೊಕ್ಕಾಗಿ ಉರಿಯುತ್ತ ಬಿದ್ದಿತ್ತು.

“ಅದ ದೀಪ ಮೊದಲ ಒಯ್ದಿದ್ರ ಆಗತಿತ್ರಿ,” ಅಂದಳು. “ದೇವರ ಮುಂದ ಉರಿಯಾಕತ್ತಿತ್ತು. ಮನ್ಯಾಗ ದೀಪ ಇತ್ತು. ಕಂದೀಲದಾಗ ಎಣ್ಣಿ ಇಲ್ಲಂದ್ರ ದೀಪ ಇಲ್ಲಂತ ತಿಳಕೊಂಡ್ನಿ.”

ಮಗಳು ಬರುವುದಿಲ್ಲವಂತೆ, ಹಗೇವನ್ನು ಮುಚ್ಚಿಸಿಬಿಡಬಾರದೇ ಎಂದೆ. ಓಣಿಯವರೆಲ್ಲ ತಮ್ಮ ತಮ್ಮ ಹಗೇವನ್ನು ಆ ವರ್ಷವೇ ಮುಚ್ಚಿದ್ದರು.

“ಬ್ಯಾಟ್ರಿ ಕೊಟ್ಟಾಕಿ ನಾನು. ತಗ್ಗು ಏನ ಮಾಡಿತ್ರಿ?”

ಶಿದ್ಲಿಂಗಪ್ಪನ ಮೈಗೆ ತಗುಲಿದ ಜೋಳವನ್ನು ದನಕ್ಕೆ ಹಾಕಿ, ಮರುವರ್ಷ ಆಕೆ ಅದೇ ಹಗೇವನ್ನು ಹೊಸ ಹುಲ್ಲು ಹಾಸಿ ತುಂಬಿಸಿದ್ದಳು. ಆಗಿನಿಂದ ಸೋಮವಾರ ಆಕೆಗೆ ತಪಾಸಣೆಯ ದಿನ. ಕಂದೀಲಿನ ಗಾಜು ಬೂದಿ ಹಾಕಿ ಒರೆಸಿ, ಬತ್ತಿ ಕತ್ತರಿಸಿ, ಎಣ್ಣೆ ನೋಡಿ, ಒಮ್ಮೆ ಹಚ್ಚಿ ಆರಿಸುತ್ತಾಳೆ. ಆ ಎಣ್ಣೆಯನ್ನು ನಬೀಸಾಬ ಎಲ್ಲಿಂದಲೋ ತರುತ್ತಾನೆ. ಎಲ್ಲಿಂದ ಎಂದು ಆತ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ. ಬಾವಿಯ ಹಗ್ಗವನ್ನು ಮಾರು ಮಾರು ಜಗ್ಗಿ ನೋಡುತ್ತಾಳೆ. ಗಿರಣಿಗೆ ಕರೆಂಟು ಬೇಕೆಂದು ಮೂಲೆಯಲ್ಲಿದ್ದ ಬೀಸುಕಲ್ಲಿಗೆ ಉಳಿಯಿಂದ ಮುಳ್ಳು ಹೊಡೆಸಿದ್ದಾಳೆ. ಮೆಂತ್ಯ, ಹುಣಸಿಕ, ಹಕ್ಕರಿಕಿ ಸೊಪ್ಪಿನ ಬೀಜ ಬೂದಿಯಲ್ಲಿ ಕಲಸಿ ಗಡಿಗೆಯಲ್ಲಿ, ಕಡ್ಡಿಪೆಟ್ಟಿಗೆ ಅಕ್ಕಿಯೊಳಗೆ ಹುಗಿದು ಡಬ್ಬಿಯಲ್ಲಿ. ಬಿಳಿ ಅರಿವೆಯಲ್ಲಿ ಸುತ್ತಿದ ಒಣ ಕಟಕ ರೊಟ್ಟಿ ಯಾವಾಗ ಹೋದರೂ ಎರಡು ತಿಂಗಳಿಗಾಗುವಷ್ಟು. ಹೊರಗಿನಿಂದ ಆಕೆ ತರುವುದು ಉಪ್ಪು, ಬೆಲ್ಲ, ಚಹಾಪುಡಿ.

ಓಣಿಯವರು ಬಿಡುತ್ತಾರೆಯೇ. “ಜಗತ್ತು ಮುಣಗೂ ತಾರೀಖು ತಿಪ್ಪವ್ವಗ ಗೊತ್ತೈತಿ, ನಮಗ ಹೇಳವಲ್ಲಳು,” ಎಂದು ಶಂಕ್ರಪ್ಪ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದ. “ನಿನಗ ಹೇಳಿದ್ರ ಅವತ್ತೂ ತಡಾ ಮಾಡಿ ಬರ್ತಿ,” ಎಂದು ಆಕೆ ಒಳಗಿನಿಂದಲೇ ಅನ್ನುತ್ತಿದ್ದಳು. ಆತನ ಮನೆಯಲ್ಲಿ ಕಡ್ಡಿಪೆಟ್ಟಿಗೆ ತೀರಿದರೆ ಅಂಗಡಿಗೆ ಹೋಗುವ ಪದ್ಧತಿ ಇರಲಿಲ್ಲ, ಎದುರು ಮನೆಗೆ ಬರುವುದು. ತಾನು ಜೀವಂತ ಇರುವುದು ಯಾರು ಅಡ್ಡ ಮಲಗಿದ್ದರಿಂದ ಎಂಬುದನ್ನು ಆತ ಎಂದೂ ಆಡಿ ತೋರಿಸಲಿಲ್ಲ. ಸೋಮವಾರ ಬಾವಿಯ ಹಗ್ಗ ನೋಡುವಾಗ ಇನ್ನೊಂದು ತುದಿ ಹಿಡಿಯುವವನು ಮಾತ್ರ ಅವನೇ.

ಶಿಬಿರ ನಡೆದ ಬೇಸಿಗೆಯಲ್ಲೇ ಮಗಳು ಭಾಗ್ಯಶ್ರೀಯ ಮದುವೆ ಹಾನಗಲ್ಲಿನಲ್ಲೇ, ಚಿಗವ್ವನ ಮನೆಯಿಂದಲೇ ಆಯಿತು. ಕೊಟ್ಟದ್ದು ಚಿಕ್ಕೇರೂರಿಗೆ, ಗಂಡ ಫಕ್ಕೀರೇಶ. ಮರುವರ್ಷ ಮಾರ್ಚಿ ತಿಂಗಳಲ್ಲಿ ತಿಪ್ಪವ್ವ ನಮ್ಮ ಶಾಲೆಯ ಬಾಗಿಲಿಗೆ ಬಂದು ನಿಂತಳು. ಭಾಗ್ಯಶ್ರೀಗೆ ಏಳು ತಿಂಗಳು. ಸೀಮಂತದ ಕುಬಸ ಮಾಡಿ, ಚೊಚ್ಚಲ ಹೆರಿಗೆಗೆ ತವರಿಗೆ ಕರೆದುಕೊಂಡು ಬರಬೇಕು. ಬರುವುದಿಲ್ಲ ಎಂದು ಹೇಳಿ ಕಳಿಸಿದ್ದಾಳೆ.

“ನೀವು ಮಾತಾಡೂ ಮಂದಿ, ಮಾಸ್ತರ್ರ. ಬಾಣಂತನ ತಾಯಿ ಮನ್ಯಾಗ ಆಗಬೇಕಂತ ನಮ್ಮ ಭಾಗ್ಯಾಗ ಒಂದ ಮಾತ ಹೇಳ್ರಿ.”

ಮಾತಾಡುವ ಮಂದಿ ಎಂದು ಯಾರಾದರೂ ಅಂದರೆ ನನಗೆ ಬೇಡವೆನ್ನಲು ಬರುವುದಿಲ್ಲ. ಶಿಗ್ಗಾಂವದಿಂದ ಹಾನಗಲ್ಲಿಗೆ ಒಂದು ಬಸ್ಸು, ಅಲ್ಲಿಂದ ಚಿಕ್ಕೇರೂರಿಗೆ ಇನ್ನೊಂದು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಭಯ, ವಿಜ್ಞಾನ, ತಾಯಿಯ ಕರುಳು, ಹೀಗೆ ಮೂರು ಭಾಗ ಮಾಡಿದ್ದೆ. ತಿಪ್ಪವ್ವನ ತೊಡೆಯ ಮೇಲೆ ಹಸಿರು ಸೀರೆ, ಕುಬಸದ ಖಣ, ಹೋಳಿಗೆಯ ಬುಟ್ಟಿ. ಆಕೆ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಕುಬಸ ಮುಗಿದು, ಬಂದವರೆಲ್ಲ ಉಂಡು ಹೋದ ಮೇಲೆ ಹಿತ್ತಲಿನ ನೆರಳಲ್ಲಿ ಮೂವರೇ ಕೂತೆವು. ನಾನು ಗಂಟಲು ಸರಿಮಾಡಿಕೊಂಡು ಮೊದಲನೆಯ ಭಾಗ ಶುರುಮಾಡಿದೆ. ಭಾಗ್ಯಶ್ರೀ ಹಸಿರು ಬಳೆ ತಿರುವುತ್ತ ಒಂದು ನಿಮಿಷ ಕೇಳಿದಳು.

“ಸರ, ನಿಮ್ಮಪ್ಪಾರು ಎಲ್ಲಿ ತೀರಕೊಂಡ್ರಿ?”

“ಹುಬ್ಬಳ್ಳಿ ದವಾಖಾನಿಯಾಗ.”

“ದಿನಾ ಅದನ್ನ ದಾಟಿ ನೀರ ತರಾಕ ಹೋಗ್ತೀರೇನ್ರಿ?”

ಎರಡನೆಯ ಮತ್ತು ಮೂರನೆಯ ಭಾಗ ನನ್ನ ಹತ್ತಿರವೇ ಉಳಿದವು.

ತಿಪ್ಪವ್ವ ಅಂದಳು, “ಬ್ಯಾಟ್ರಿ ಕೊಟ್ಟಾಕಿ ನಾನು, ಭಾಗ್ಯಾ. ಸಿಟ್ಟು ಮಾಡಿದ್ರ ನನ್ನ ಮ್ಯಾಲ ಮಾಡು. ತಗ್ಗಿನ ಮ್ಯಾಲ ಯಾಕ?”

“ನಿನ್ನ ಮ್ಯಾಲ ಯಾರ ಸಿಟ್ಟ ಮಾಡ್ಯಾರ.” ಹುಡುಗಿ ಬಳೆ ತಿರುವುವುದನ್ನು ನಿಲ್ಲಿಸಿದಳು. “ಬ್ಯಾಟ್ರಿ ಹಗ್ಗ ಯಾರ ಕೈಯಾಗಿತ್ತು, ಹೇಳು.”

ತಾಯಿಗೆ ಕಾಯದೆ ಮಗಳೇ ಹೇಳಿದಳು.

“ನನ್ನ ಕೈಯಾಗಿತ್ತು. ‘ನೋಡವಾ, ಆರಿತೇನು’ ಅಂತ ಕೇಳಿದ ಅಪ್ಪ. ಬಗ್ಗಿ ನೋಡಿದ್ನಿ. ‘ಇಲ್ಲಪ್ಪ, ಚಲೋ ಉರಿಯಾಕತ್ತೈತಿ, ಇಳಿ’ ಅಂದ್ನಿ.”

“ಗೊತ್ತೈತಿ.”

“ಯಾರ ಹೇಳಿದ್ರು?”

“ಯಾರ ಹೇಳಬೇಕು. ಬಾಗಲಾಗ ನಿಂತಿದ್ನಿ, ಕೇಳಿತು.”

ಭಾಗ್ಯಶ್ರೀ ತಾಯಿಯ ಮುಖವನ್ನೇ ನೋಡುತ್ತ ಕೂತಳು. ಬೇಲಿಯ ಆಚೆ ಯಾರೋ ಎಮ್ಮೆ ಹೊಡೆದುಕೊಂಡು ಹೋದರು.

“ನಾಕ ವರ್ಷ ಬಾಯಿ ಬಿಡಲಿಲ್ಲ ನೀನು.”

“ನೀ ಆಡಲಿಲ್ಲ. ನಾ ಹೆಂಗ ಆಡ್ಲಿ.”

“ಆ ತಗ್ಗಿನ ಬಾಯಿ ಕಂಡ್ರ ನನ್ನ ದನಿ ನನಗ ಕೇಳತೈತೆವ್ವ. ನೀ ಎಷ್ಟ ಕಂದೀಲ ಬಿಟ್ರೂ ಅದ ಕೇಳತೈತಿ. ಕೂಸಿನ ಎತಗೊಂಡು ಅದರ ಮುಂದ ಹೆಂಗ ಓಡ್ಯಾಡ್ಲಿ, ಹೇಳು.”

ತಿಪ್ಪವ್ವ ಬುಟ್ಟಿಯ ಮೇಲಿನ ಅರಿವೆ ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. “ಮುಚ್ಚಸ್ತೇನಿ,” ಅಂದಳು. “ಮುಂದಿನ ಸೋಮಾರ. ಆಮ್ಯಾಲ ಬಂದ ಕರಕೊಂಡ ಹೋಗ್ತೇನಿ.”

ಬರುವಾಗ ಬಸ್ಸು ಹಾನಗಲ್ಲು ದಾಟಿತು. ಆಮೇಲೆ ತಿಪ್ಪವ್ವ ಮುಂದಿನ ಸೀಟಿನ ಕಂಬಿಗೆ ಹೇಳುವಂತೆ ಹೇಳಿದಳು: “ವರ್ಷಾ ತಗದು, ಕಂದೀಲ ಬಿಟ್ಟು, ನಬೀಸಾಬಣ್ಣನ್ನ ಇಳಿಸಿ ಮ್ಯಾಲ ಕರಕೋತಿದ್ನಿ. ಇಳಿದವರು ಮ್ಯಾಲ ಬರ್ತಾರಂತ ಅಕಿ ಒಮ್ಮಿ ಬಂದು ನೋಡ್ಲಿ ಅಂತ ಇಟ್ಟಿದ್ನಿ. ಅಕಿ ನೋಡಾಕ ಬರಲೇ ಇಲ್ಲ.”

ಹಗೇವು ಮುಚ್ಚುವ ಸುದ್ದಿ ಕೇಳಿ ಹೆಚ್ಚು ನೊಂದವರು ಮಹಾಲಿಂಗಪ್ಪನವರು. ತಾಲೂಕಿನ ‘ಮಾದರಿ ಸನ್ನದ್ಧ ಕುಟುಂಬ’ ಎಂದು ಅವರು ತಿಪ್ಪವ್ವನ ಮನೆಯನ್ನೇ ಆರಿಸಿದ್ದರು, ಪ್ರಶಸ್ತಿಪತ್ರದ ಮೇಲೆ ಹಗೇವಿನ ಚಿತ್ರ ಅಚ್ಚಾಗಿತ್ತು. “ಈ ಜನಕ್ಕೆ ದೂರದೃಷ್ಟಿಯೇ ಇಲ್ಲ,” ಎಂದರು.

ಸೋಮವಾರ ಮುಂಜಾನೆ ಕಲ್ಲು ಸರಿಸಿ ಮಧ್ಯಾಹ್ನದವರೆಗೆ ಬಿಟ್ಟರು. ತಿಪ್ಪವ್ವ ಕಂದೀಲು ಇಳಿಸಿ ನೂರು ಎಣಿಸಿದಳು. ಈ ಸಲ ಅಂಗಳದಲ್ಲಿದ್ದ ನಾವೂ ಮನಸ್ಸಿನಲ್ಲೇ ಎಣಿಸಿದೆವು. ಆರಲಿಲ್ಲ. ನಬೀಸಾಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ, ಶಂಕ್ರಪ್ಪ ಬುಟ್ಟಿ ಎಳೆದ. ಒಂಬತ್ತು ಚೀಲ ಜೋಳ ಪಡಸಾಲೆ ಸೇರಿತು. ಎಪ್ಪತ್ತರ ಮುದುಕ ಒಳಗೆ ಕಸಬರಿಗೆಯಿಂದ ಗೂಡಿಸುವ ಸಪ್ಪಳ ಕೇಳುತ್ತಿತ್ತು.

“ಆತ ತಂಗೆವ್ವ,” ಎಂದು ಕೆಳಗಿನಿಂದ ಕೂಗಿದ. “ಒಂದ ಕಾಳ ಉಳಿದಿಲ್ಲ.”

“ಮ್ಯಾಲ ಬಾ, ನಬೀಸಾಬಣ್ಣ. ಒಮ್ಮಿ ನಾ ಇಳೀತೇನಿ.”

ಹೆಂಗಸರು ಹಗೇವಿಗೆ ಇಳಿದದ್ದನ್ನು ಆ ಓಣಿ ನೋಡಿರಲಿಲ್ಲ. ನಬೀಸಾಬ ಮೇಲೆ ಬಂದು ತನ್ನ ಸೊಂಟದ ಹಗ್ಗ ಬಿಚ್ಚಿ ಆಕೆಯ ಸೊಂಟಕ್ಕೆ ಕಟ್ಟಿದ, ಗಂಟನ್ನು ಎರಡು ಸಲ ಜಗ್ಗಿ ನೋಡಿದ. ಕಂದೀಲು ಹಿಡಿದು ಇಳಿದಳು. ಕೆಳಗೆ ಬೆಳಕು ಅಲುಗಾಡಿ ಒಂದು ಕಡೆ ನಿಂತಿತು. ಅಳುವ ದನಿ ಕೇಳಲಿಲ್ಲ, ಯಾವ ದನಿಯೂ ಕೇಳಲಿಲ್ಲ. ಅದೇ ಕಷ್ಟವಾಯಿತು.

“ತಂಗೆವ್ವಾ,” ಎಂದು ನಬೀಸಾಬ ಕರೆದ.

“ಅದೇನಿ.”

ಇನ್ನೊಂದು ಗಳಿಗೆ ಬಿಟ್ಟು ಮತ್ತೆ ಕರೆದ.

“ಅದೇನೋ ಯಣ್ಣ, ಅದೇನಿ. ಕುಂತೇನಿ.”

ಶಂಕ್ರಪ್ಪ ಮುಖ ತಿರುಗಿಸಿ ಎತ್ತಿಗೆ ನೀರು ಕುಡಿಸುವ ನೆಪದಲ್ಲಿ ಹೋದ. ಅದು ಆಗಲೇ ಕುಡಿದಿತ್ತು.

“ಆ ದಿನ ಒಂದ ಫೋನ ಹಚ್ಚಿದ್ರ ಸಾಕಿತ್ರಿ ಮಾಸ್ತರ್ರ,” ಎಂದು ನಬೀಸಾಬ ತಗ್ಗಿಗೆ ಕೇಳದಂತೆ ಹೇಳಿದ. “ನನ್ನ ಫೋನು ಕೈಯಾಗ ಇತ್ತು. ದಿನಾ ಪೂರಾ ಅದನ್ನ ನೋಡಕೋತ ಕುಂತಿದ್ನಿ, ಬಸ್ಸ ಬಿಡ್ತಾರಂತ.”

ತಿಪ್ಪವ್ವ ಮೇಲೆ ಬಂದಾಗ ಸೆರಗಿನ ತುದಿಯಲ್ಲಿ ಹಿಡಿಯಷ್ಟು ಜೋಳ ಕಟ್ಟಿಕೊಂಡಿದ್ದಳು, ಒಂದು ಕಾಳೂ ಉಳಿದಿಲ್ಲವೆಂದ ನಬೀಸಾಬ ಆಕೆಯ ಸೊಂಟದ ಹಗ್ಗ ಬಿಚ್ಚತೊಡಗಿದ. ಮಣ್ಣಿನ ಮೊದಲನೆಯ ಬುಟ್ಟಿ ಆಕೆಯೇ ಹಾಕಿದಳು. ನಾಲ್ಕು ಟ್ರೇಲರ್ ಮಣ್ಣು ಹಿಡಿಯಿತು. ಸಂಜೆಯ ಹೊತ್ತಿಗೆ ಅಂಗಳ ಸಪಾಟಾಗಿತ್ತು, ಓಣಿಯ ಕೊನೆಯ ಹಗೇವು ಹೋಗಿತ್ತು.

ಭಾಗ್ಯಶ್ರೀ ಬಂದಳು. ಮೇ ತಿಂಗಳಲ್ಲಿ ಹೆಣ್ಣು ಕೂಸು ಹುಟ್ಟಿತು.

ಜುಲೈನಲ್ಲಿ ಅಧ್ಯಕ್ಷರು ನನ್ನನ್ನು ಕರೆಸಿದರು. ಹಗೇವಿಲ್ಲದಿದ್ದರೂ ಪ್ರಶಸ್ತಿ ಕೊಡುವುದೆಂದು ದೊಡ್ಡ ಮನಸ್ಸು ಮಾಡಿದ್ದರು, ಅಚ್ಚಾದ ಪತ್ರ ಏನು ಮಾಡುವುದು. ಆದರೆ ಫಾರ್ಮಿನಲ್ಲಿ ಇಪ್ಪತ್ತೆರಡನೆಯ ಪ್ರಶ್ನೆ ಖಾಲಿ ಇತ್ತು. ಖಾಲಿ ಬಿಟ್ಟವನೇ ಹೋಗಿ ತುಂಬಿಸಿಕೊಂಡು ಬರಲಿ ಎಂದರು.

ನಾನು ಹೋದಾಗ ಮಳೆ ಬಿಟ್ಟು ಹೊಳವಾಗಿತ್ತು. ತುಂಬಿದ ಮಣ್ಣು ಮಳೆಗೆ ಕೂತು, ಹಗೇವಿನ ಬಾಯಿ ಇದ್ದ ಕಡೆ ಗೇಣು ಆಳದ ದುಂಡನೆಯ ತಗ್ಗು ಬಿದ್ದಿತ್ತು. ಎರಡು ಸಲ ಮಣ್ಣು ಹಾಕಿದರೂ ಮತ್ತೆ ಕೂತಿದೆಯಂತೆ. ಭಾಗ್ಯಶ್ರೀ ಕೊಡ ಹೊತ್ತು ಬಂದವಳು ಅದರ ಸುತ್ತ ಹಾದು ಒಳಗೆ ಹೋದಳು. ಹೀಗೆ ಸುತ್ತು ಹಾಕಿ ಹಾಕಿ ಅಂಗಳದಲ್ಲಿ ಸಣ್ಣ ಕಾಲುದಾರಿಯೇ ಮೂಡಿತ್ತು.

ತಿಪ್ಪವ್ವ ಕಟ್ಟೆಯ ಮೇಲೆ ಕಾಲು ಚಾಚಿ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ಪಕ್ಕದಲ್ಲಿ ಚಾಪೆಯ ಮೇಲೆ ಜೋಳ ಹರವಿತ್ತು. ಚೀಲದಲ್ಲಿಟ್ಟದ್ದಕ್ಕೆ ನುಸಿ ಬಿದ್ದಿತ್ತು. ಹದಿನೈದು ದಿನಕ್ಕೊಮ್ಮೆ ಬಿಸಿಲು ಕಂಡಾಗ ಹರವಿ, ಕೇರಿ, ಮತ್ತೆ ತುಂಬಬೇಕು.

“ಕುಂತ್ರಿ ಮಾಸ್ತರ್ರ. ಚಾಪಿ ಮ್ಯಾಲ ಬ್ಯಾಡ, ನುಸಿ ಹತ್ತತಾವ.”

ಕೂತೆ. ಕೂಸು ಯಾರ ಹಾಗಿದೆ ಎಂದು ಕೇಳಿದೆ. ಮೂಗು ಅಜ್ಜನದು ಎಂದು ಒಳಗಿನಿಂದ ಭಾಗ್ಯಶ್ರೀ ಹೇಳಿದಳು. ಬಂದ ಕೆಲಸ ಮುಗಿಸುವುದು ಲೇಸೆಂದು ಫಾರ್ಮು ಬಿಚ್ಚಿದೆ. ಸಂಘದ ಕಾರ್ಯದರ್ಶಿಗೆ ಸಲ್ಲುವ ದನಿಯಲ್ಲಿ, ಅಚ್ಚಾದದ್ದನ್ನು ಅಚ್ಚಾದ ಹಾಗೆಯೇ ಓದಿದೆ.

“ಈ ಕುಟುಂಬವು ಸರ್ವ ಆಪತ್ತುಗಳಿಗೂ ಸನ್ನದ್ಧವಾಗಿದೆಯೇ? ಹೌದೋ, ಇಲ್ಲವೋ?”

ತಿಪ್ಪವ್ವ ಕೂಸನ್ನು ಬೋರಲು ಮಾಡಿ ಬೆನ್ನಿಗೆ ಎಣ್ಣೆ ಸುರಿದಳು. ತಲೆ ಎತ್ತಲಿಲ್ಲ.

“ಇಲ್ಲ ಅಂತ ಬರಕೋರಿ. ಇವತ್ತ ಸೋಮಾರ, ಇನ್ನೂ ಕಂದೀಲ ನೋಡಿಲ್ಲ.”